ಅವ್ವನ ಎಡಕ್ಕೆ ನಡೆದ ಕುರಿನಾಯಿ

ಭೂಮಿ ನೀರಿನ ಹಾಗೆ ತೂಗುತ್ತದೆ ಎಂದು ಅವ್ವ ಹೇಳಿದಾಗ ನನಗೆ ಹತ್ತು ವರ್ಷ. ಎಂಬತ್ತರ ದಶಕದ ನಡುವಿನ ಮಾತು. ತುರ್ವಿಹಾಳದ ನಮ್ಮ ಮನೆಯ ಹೊಸ್ತಿಲಲ್ಲಿ ಅವಳು ಎರಡೂ ಕೈಯಿಂದ ಚೌಕಟ್ಟು ಹಿಡಿದು ನಿಂತಿದ್ದಳು. ಅಂಗಳವನ್ನು ತುಂಬಿದ ಕಾಲುವೆಯನ್ನು ನೋಡುವಂತೆ ನೋಡುತ್ತಿದ್ದಳು.

"ಹೆಜ್ಜಿ ಇಟ್ಟರ ಬೇವಿನ ಗಿಡ ಕುಣಿತೈತಿ, ಗ್ವಾಡಿ ಕುಣಿತೈತಿ. ನಾ ನಿಂತರ ಎಲ್ಲಾ ನಿಲ್ತೈತಿ."

ಅದಕ್ಕೆ ಮೊದಲು ಅವಳಿಗೆ ಕ್ಷಯ ಆಗಿತ್ತು. ಸಿಂಧನೂರಿಗೆ ಹೋಗಿ ತಿಂಗಳುಗಟ್ಟಲೆ ಸೂಜಿ ಹಾಕಿಸಿಕೊಂಡಳು. ಕೆಮ್ಮು ಹೋಯಿತು, ಮೈ ತುಂಬಿತು, ಆದರೆ ನಡಿಗೆ ಕೆಟ್ಟಿತು. ಡಾಕ್ಟರು ಅಪ್ಪನಿಗೆ ಬಿಡಿಸಿ ಹೇಳಿದರು: "ಆ ಸೂಜಿ ಇಲ್ಲದಿದ್ರ ಈಕಿ ಉಳಿತಿದ್ದಿಲ್ಲ. ಆದ್ರ ಕಿವಿ ಒಳಗ, ಮೈ ವಾಲದಂಗ ತೋಲ ಹಿಡಿಯೋ ಜಾಗ ಒಂದು ಇರ್ತೈತಿ. ಕೆಲವರಿಗೆ ಅದು ಈ ಔಷಧಕ್ಕ ಸೋಲ್ತೈತಿ. ಇನ್ನ ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ ನಡೀಬೇಕು."

ತಲೆಯ ಮೇಲೆ ಸಸಿಯ ಕಟ್ಟು ಹೊತ್ತು ಗೇಣಗಲದ ಬದುವಿನ ಮೇಲೆ ಮಾತಾಡುತ್ತಾ ನಡೆಯುತ್ತಿದ್ದವಳು ನನ್ನವ್ವ. ಈಗ ಮನೆಯಲ್ಲಿ ಗೋಡೆ ಸವರಿಕೊಂಡು ಒಲೆಯವರೆಗೆ ಹೋಗುತ್ತಿದ್ದಳು. ಒಂದು ದಿನ ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವಳು ತೂರಾಡಿದ್ದನ್ನು ಕಂಡು ಯಾರೋ, "ನೋಡ್ರಿ, ಹೆಣ್ಣಮಗಳು ಹಗಲಾಗ ಕುಡದು ಬಂದಾಳ" ಅಂದರು. ಆವತ್ತಿನಿಂದ ಅವ್ವ ಅಂಗಳ ದಾಟುವುದನ್ನೇ ಬಿಟ್ಟಳು.

ಆ ವರ್ಷ ಭತ್ತ ಕೊಯ್ದ ಮೇಲೆ, ಖಾಲಿ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಲು ಸೋದರಮಾವ ಮಸ್ಕಿ ಕಡೆಯಿಂದ ಹಿಂಡು ಹೊಡೆದುಕೊಂಡು ಬಂದ. ಜೊತೆಗೊಂದು ದೊಡ್ಡ ನಾಯಿ. ಕಂದು ಮೈ, ಕೊರಳ ಸುತ್ತ ಒತ್ತಾದ ಬಿಳಿಗೂದಲು. ಹಿಂದಿನ ಕಾಲೊಂದು ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕು ಕುಂಟಾಗಿತ್ತು.

"ಹಿಂಡಿನ ಕೂಡ ಓಡಾಕ ಇದಕ್ಕ ಆಗವಲ್ದು ತಂಗೆವ್ವಾ. ಇಲ್ಲೇ ಇರಲಿ, ಒಂದು ರೊಟ್ಟಿ ಹಾಕು," ಎಂದು ಬಿಟ್ಟು ಹೋದ.

ಅದಕ್ಕೆ ಹೆಸರಿರಲಿಲ್ಲ. ಅವ್ವ 'ಮಗನ' ಎಂದು ಕರೆಯುತ್ತಿದ್ದಳು. ಕುರಿ ಇಲ್ಲದ ಅಂಗಳದಲ್ಲಿ ಅದು ಕೆಲವು ದಿನ ಕೋಳಿಗಳನ್ನು ಒಟ್ಟುಗೂಡಿಸಿತು, ಆಮೇಲೆ ಅವ್ವನನ್ನು ನೋಡತೊಡಗಿತು. ಹಿಂಡು ಬಿಟ್ಟು ವಾಲುವ ಕುರಿ ಎಂದೇ ಅವಳನ್ನು ತಿಳಿದಿರಬೇಕು. ನೀರಿನ ತೊಟ್ಟಿಗೆ ಹೋಗುವಾಗ ಅವಳು ಎಡಕ್ಕೆ ಸರಿದಳೆಂದರೆ ಎಡಗಡೆಯಿಂದ ಬಂದು ಮೈ ಒತ್ತಿ ನಿಲ್ಲುತ್ತಿತ್ತು. ಮೊದಲು ಅವ್ವ ಬೈದಳು. ಒಂದು ಬೆಳಿಗ್ಗೆ ಬೀಳುತ್ತೇನೆಂದು ಅದರ ಬೆನ್ನಿಗೆ ಕೈ ಊರಿದವಳು, ಅಲ್ಲೇ ನಿಂತುಬಿಟ್ಟಳು.

"ಬಾರಲೇ ಇಲ್ಲಿ," ಎಂದು ನನ್ನನ್ನು ಕೂಗಿದಳು. ಓಡಿ ಬಂದೆ. "ನಾ ಏನು ಭಾರ ಹಾಕಿಲ್ಲ ನೋಡು. ಬರೇ ಬಟ್ಟು ಮುಟ್ಟ್ಯಾವ. ಭೂಮಿ ನಿಂತೈತಿ!"

ನಾನು ಬಗ್ಗಿ ನೋಡಿದೆ. ನಿಜವಾಗಿಯೂ ನಾಲ್ಕು ಬೆರಳು ಕೂದಲಿನ ಮೇಲೆ ಸುಮ್ಮನೆ ಕೂತಿದ್ದವು. ನಾಯಿ ಉಸಿರಾಡಿದಾಗ ಅವೂ ಏರಿ ಇಳಿಯುತ್ತಿದ್ದವು. ಅವ್ವ ಕಣ್ಣು ಮುಚ್ಚಿದಳು. ಸೂಜಿಯ ದಿನಗಳಿಂದ ಕಣ್ಣು ಮುಚ್ಚಿ ನಿಂತದ್ದು ಅದೇ ಮೊದಲು.

ಮತ್ತೆ ಬಂದಾಗ ಮಾವ ಇದನ್ನು ಕಂಡ. ಆಮೇಲೆ ಕರಿಯ ಉಣ್ಣೆ ಹೊಸೆದು ಅಗಲವಾದ ಪಟ್ಟಿ ನೇಯ್ದು ನಾಯಿಯ ಎದೆಗೆ ಸುತ್ತಿದ, ಬೆನ್ನ ಮೇಲೆ ಹಿಡಿಯಲು ಒಂದು ಕುಣಿಕೆ ಬಿಟ್ಟ. ನಾಯಿಗೆ ಕಲಿಸಿದ್ದು ಹೆಚ್ಚೇನಿಲ್ಲ. ನಾಲಿಗೆಯಿಂದ ಟಕ್ ಎಂದರೆ ನಡೆಯಬೇಕು, ಅವ್ವ ನಿಂತರೆ ನಿಲ್ಲಬೇಕು. ಕುಂಟುಗಾಲಿನ ಅದರ ನಿಧಾನವೇ ಅವ್ವನ ನಿಧಾನಕ್ಕೆ ಹೊಂದಿತು. ಒಮ್ಮೆ ಯಾರದೋ ಮೇಕೆಗಳು ಚದುರಿದ್ದು ಕಂಡು ಕುಂಟುತ್ತಲೇ ಓಡಿತು. ಅವ್ವ ಕಾಲುವೆಯ ಬದಿಯ ರಾಡಿಯಲ್ಲಿ ಬಿದ್ದಳು. ಅಳುತ್ತಾಳೆಂದು ನಾನು ಹೆದರಿದರೆ ಅವಳು ನಗುತ್ತಿದ್ದಳು. ಮೇಕೆಗಳನ್ನು ಗುಂಪು ಮಾಡಿ ಹಿಂತಿರುಗಿದ ನಾಯಿ, ತನ್ನ ಕೆಲಸ ಮುಗಿಯಿತೆಂಬಂತೆ ಅವಳ ಪಕ್ಕದಲ್ಲಿ ಕೂತುಕೊಂಡಿತು.

ಚಳಿಗಾಲದ ಬೆಳಿಗ್ಗೆಗಳಲ್ಲಿ ಅವರಿಬ್ಬರ ಹಿಂದೆ ಕಾಲುವೆಯ ದಂಡೆಯ ಮೇಲೆ ನಡೆದದ್ದು ಈಗಲೂ ಕನಸೋ ನೆನಪೋ ತಿಳಿಯುವುದಿಲ್ಲ. ಮಂಜಿನಲ್ಲಿ ನೀರು ಯಾವುದು, ಗದ್ದೆ ಯಾವುದು, ಆಕಾಶ ಯಾವುದು ಎಂದು ಗುರುತು ಸಿಗುತ್ತಿರಲಿಲ್ಲ. ಆ ಬಿಳುಪಿನ ನಡುವೆ ಅವ್ವನ ಸೀರೆಯ ಕೆಂಪು ಅಂಚು, ಅದರ ಎಡಕ್ಕೆ ಕಂದು ಬೆನ್ನು. ಎರಡೂ ತೇಲಿ ಹೋಗುವಂತೆ ಕಾಣುತ್ತಿದ್ದವು. ನನಗೂ ಆಗ ತಲೆ ತೂಗಿದಂತಾಗುತ್ತಿತ್ತು. ಅವ್ವ ನೋಡುವ ಲೋಕ ಹೀಗೇ ಇರಬೇಕು ಅಂದುಕೊಳ್ಳುತ್ತಿದ್ದೆ.

ನಾಟಿಯ ಕಾಲ ಬಂದಾಗ ಅವಳು ಗದ್ದೆಗೆ ಹೊರಟೇಬಿಟ್ಟಳು. ಅಪ್ಪ ಬೇಡವೆಂದ. "ಬದುವಿನ ತನಕ ನಾಯಿ ಒಯ್ತೈತಿ. ಮುಂದಿಂದು ನಾ ನೋಡ್ಕಂತೀನಿ," ಎಂದಳು. ಬದುವಿನ ಮೇಲೆ ಇಬ್ಬರಿಗೆ ಜಾಗವಿರಲಿಲ್ಲ. ನಾಯಿ ಬದುವಿನ ಕೆಳಗೆ ಹೊಟ್ಟೆಯವರೆಗೆ ನೀರಿಗಿಳಿದು ನಡೆಯಿತು. ಕುಣಿಕೆ ಹಿಡಿದ ಅವ್ವ ಸ್ವಲ್ಪ ಬಗ್ಗಿ ಮೇಲೆ ನಡೆದಳು. ನಾಟಿ ಹಚ್ಚುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತು ನೋಡಿದರು. ಯಾರೂ ನಗಲಿಲ್ಲ.

ಗದ್ದೆಗಿಳಿದ ಮೇಲೆ ಅವಳಿಗೇ ಅಚ್ಚರಿ ಕಾದಿತ್ತು. ಮೊಣಕಾಲಿನವರೆಗೆ ಕೆಸರು, ಎರಡೂ ಕೈ ನೀರಿನಲ್ಲಿ. ಒಂದು ಸಾಲು ಹಚ್ಚಿದಳು, ಇನ್ನೊಂದು ಹಚ್ಚಿದಳು. ಪಕ್ಕದ ಮುದುಕಿ, "ತಲಿ ತಿರುಗವಲ್ದೇನವ್ವಾ?" ಎಂದು ಕೇಳಿದಳು.

"ಇಲ್ಲಬೇ ಚಿಗವ್ವಾ. ಕೆಸರು ಕಾಲು ಹಿಡ್ಕಂಡೈತಿ. ಬಿಡವಲ್ದು."

ಆ ಸಂಜೆ ಕೈಕಾಲು ತೊಳೆಯದೆ ಮನೆಗೆ ಬಂದು, ಒಣಗಿದ ಕೆಸರನ್ನು ಬಹಳ ಹೊತ್ತು ನೋಡುತ್ತಾ ಕೂತಿದ್ದಳು.

ತೊಂಬತ್ತರ ದಶಕದ ಮೊದಲಲ್ಲಿ ನಾನು ಓದಲು ಲಿಂಗಸುಗೂರಿಗೆ ಹೋದೆ. ಅಲ್ಲಿನ ವಾಚನಾಲಯದ ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಒಂದು ಚಿತ್ರ ಕಂಡಿತು. ಉದ್ದ ಮೂತಿಯ, ರಾಶಿ ಕೂದಲಿನ ನಾಯಿ, ಬೆನ್ನ ಮೇಲೆ ಚರ್ಮದ ಹಿಡಿಕೆ, ಅದನ್ನು ಹಿಡಿದು ನಿಂತ ಬಿಳಿಯ ಹೆಂಗಸು. ಅದು ‘ಕೋಲಿ’ ಎಂಬ ತಳಿಯ, ಕುರಿ ಕಾಯುವ ನಾಯಿ, ಮೈಯ ತೋಲ ತಪ್ಪಿದವರನ್ನು ನಡೆಸಲು ಅದಕ್ಕೆ ಕಲಿಸುತ್ತಾರೆ ಎಂದು ಬರೆದಿತ್ತು. ನಾನು ಎರಡು ಸಲ ಓದಿದೆ. ಊರಿಗೆ ಹೋದಾಗ ಅವ್ವನಿಗೆ ಹೇಳಿದೆ.

ಅವಳು ಸ್ವಲ್ಪ ಯೋಚಿಸಿ ಕೇಳಿದಳು: "ಹಂಗಾರ ನನ್ನಂಗ ಆದವರು ಅಲ್ಲೂ ಅದಾರೇನು?"

"ಅದಾರವ್ವಾ."

"ಪಾಪ," ಎಂದಳು. ಆಮೇಲೆ ನಾಯಿಯ ಕಿವಿ ತಿಕ್ಕುತ್ತಾ, "ಕೇಳಿದೇನೋ ಮಗನ? ನಿಮ್ಮ ಕುಲದವರು ದೂರದಾಗ ಅದಾರಂತ," ಎಂದಳು.

ನನ್ನ ಓದು ಮುಗಿಯುವ ವರ್ಷ, ಬಿಸಿಲು ಬೇವಿನ ಗಿಡದಿಂದ ಇಳಿಯುತ್ತಿದ್ದ ಹೊತ್ತಿನಲ್ಲಿ, ಅಂಗಳದಲ್ಲಿ ಮಲಗಿದ್ದ ನಾಯಿ ಏಳಲಿಲ್ಲ. ಮಾವ ಬಂದು ಕಾಲುವೆಯ ದಂಡೆಯ ಕೆಳಗೆ ಮಣ್ಣು ಮಾಡಿದ. ಬೇರೆ ಮರಿ ತರುತ್ತೇನೆಂದರೆ ಅವ್ವ ತಲೆ ಅಲ್ಲಾಡಿಸಿದಳು. ಎರಡು ತಿಂಗಳು ಮತ್ತೆ ಗೋಡೆ ಸವರಿಕೊಂಡೇ ಓಡಾಡಿದಳು. ಕೈಗೆ ಕೋಲು ಕೊಟ್ಟರೆ, "ಇದಕ್ಕ ಉಸಿರಿಲ್ಲ," ಎಂದು ಮೂಲೆಗಿಟ್ಟಳು.

ನಾಟಿಗೆಂದು ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದ ದಿನ ತಾನೇ ಅಪ್ಪನನ್ನು ಕರೆದು, "ಅಣ್ಣಗ ಹೇಳಿ ಕಳಸ್ರಿ. ಮರಿ ತರಲಿ," ಎಂದಳು.

ಬಂದದ್ದು ಕಪ್ಪು ಹೆಣ್ಣುಮರಿ, ನಾಲ್ಕೂ ಕಾಲು ಚುರುಕು. ಅದು ಬೆಳೆದು ಅವಳ ಸೊಂಟಕ್ಕೆ ಸಮ ಬರಲು ಒಂದು ವರ್ಷವೇ ಬೇಕಿತ್ತು. ಅವ್ವ ಕಾಯುತ್ತೇನೆಂದಳು. ಮೊದಲ ದಿನ ಬಲಗೈಯನ್ನು ಊರಿಗೆ ಬಂದಿದ್ದ ನನ್ನ ಹೆಗಲ ಮೇಲಿಟ್ಟು, ಎಡಗೈಯಲ್ಲಿ ಮರಿಯ ಹಗ್ಗ ಹಿಡಿದು, ನಾಲಿಗೆಯಿಂದ ಟಕ್ ಎಂದಳು. ಮರಿ ಎಳೆದಾಡಿತು, ನಡುವೆ ಕೂತಿತು, ಅವಳ ಸೆರಗು ಕಚ್ಚಿತು. ಮೂವರೂ ಸೇರಿ ಬೇವಿನ ಗಿಡದವರೆಗೆ ಹೋಗಿ ಬಂದೆವು.