ಲಾಯರಕ್ಕನಿಗೆ ಎದುರಾಳಿ ಸಿಗಲಿಲ್ಲ

ಅವಳು ಲಾಯರೂ ಅಲ್ಲ, ಮಣ್ಣೂ ಅಲ್ಲ. ನನ್ನ ಪಕ್ಕದ ಹೊಲಿಗೆ ಮೆಷಿನ್ನಿನಲ್ಲಿ ಕೂತು ಪ್ಯಾಂಟಿನ ಉದ್ದ ಕಡಿಮೆ ಮಾಡುವವಳು, ಕೆಟ್ಟ ಜಿಪ್ಪು ಬದಲಾಯಿಸುವವಳು. ಆದರೆ ಬೀದಿಯಲ್ಲಿ ಯಾರಿಗೇ ಅನ್ಯಾಯವಾಗಲಿ, ಕತ್ತರಿ ಕೆಳಗಿಟ್ಟು ಟೊಂಕ ಕಟ್ಟಿ ಹೊರಟೇಬಿಡುತ್ತಾಳೆ. ಅದಕ್ಕೇ ಎಲ್ಲರ ಬಾಯಲ್ಲೂ ಲಾಯರಕ್ಕ. ತಾಯಿ ಹೋದ ಮೇಲೆ ತಮ್ಮನನ್ನು ಸಾಕಿದವಳೂ ಇವಳೇ. ಶಾಲೆಯಲ್ಲಿ ಅವನ ಪೆನ್ಸಿಲ್ ಕಸಿದ ಪೋಕರಿಯಿಂದ ಹಿಡಿದು, ಅವನ ಎಲ್ಲ ಕಷ್ಟಕ್ಕೂ ಒಬ್ಬ ಎದುರಾಳಿ ಇರುತ್ತಿದ್ದ. ಆ ಎದುರಾಳಿಯನ್ನು ಇವಳು ಉಗಿದು ಉಪ್ಪಿನಕಾಯಿ ಹಾಕಿ ಬರುತ್ತಿದ್ದಳು.

ಆ ತಮ್ಮ ಒಂದು ಬೇಕರಿಯಲ್ಲಿ ರಾತ್ರಿ ಪಾಳಿಯಲ್ಲಿ ಬ್ರೆಡ್ ಮಾಡುವವನು. ವಾಸ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ. ಮೂವತ್ತು ದಾಟಿದ್ದರೂ ಅವಳಿಗಿನ್ನೂ ಪುಟ್ಟನೇ. ಬೆಳಿಗ್ಗೆ ಕೆಲಸ ಮುಗಿಸಿ ಬರುವಾಗ ಬಿಸಿ ಬನ್ನು ಅಂಗಡಿಗೆ ತಂದುಕೊಟ್ಟು, ನಮ್ಮಿಬ್ಬರ ಹೊಲಿಗೆಯನ್ನು ಗೇಲಿ ಮಾಡಿ ಹೋಗುತ್ತಿದ್ದ. ಆ ವರ್ಷ ಮೊದಲು ಗೇಲಿ ನಿಂತಿತು, ಆಮೇಲೆ ಬನ್ನು, ಆಮೇಲೆ ಅವನೇ ಬರುವುದು ನಿಂತಿತು. ಸ್ನಾನವಿಲ್ಲ, ಕ್ಷೌರವಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದರೆ ಮುಗಿಯಿತು. ಕೊನೆಗೆ ಕೆಲಸಕ್ಕೂ ಹೋಗಲಿಲ್ಲ.

"ಯಾರೋ ಏನೋ ಅಂದಿದಾರೆ ಕಣೇ ನನ್ನ ಪುಟ್ಟಂಗೆ" ಎಂದಳು ಲಾಯರಕ್ಕ. "ಯಾರು ಅಂತ ಗೊತ್ತಾಗ್ಲಿ, ಆಮೇಲಿದೆ ಅವರಿಗೆ."

ಮೊದಲು ಬೇಕರಿಗೆ ನುಗ್ಗಿದಳು. ಹೊಡೆದಾಟವಾದೀತೆಂದು ನಾನೂ ಹಿಂದೆ ಓಡಿದೆ. ಮಾಲೀಕರು ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಬಂದರು. ಇವಳು ಬಾಯಿಗೆ ಬಂದದ್ದೆಲ್ಲ ಅಂದು ಮುಗಿಸುವವರೆಗೂ ಸುಮ್ಮನೆ ಕೇಳಿಸಿಕೊಂಡರು.

"ಹಗಲು ಪಾಳಿ ಕೊಡ್ತೀನಿ, ರಜಾ ಬೇಕಾದ್ರೂ ತಗೋ ಅಂತ ನಾನೇ ಹೇಳ್ದೆನಮ್ಮಾ. 'ನಂಗೇನೂ ಆಗಿಲ್ಲ ಸಾರ್' ಅಂತಾನೆ. ಹಿಟ್ಟಿಗೆ ಉಪ್ಪು ಹಾಕೋದನ್ನೇ ಮರೀತಿದ್ದ. ಒಂದಿನ ಒಲೆ ಮುಂದೆ ನಿಂತು ಅಳ್ತಿದ್ದ. ಏನಾಗಿದೆ ಅಂತ ನಿಮ್ಮನ್ನೇ ಕೇಳೋಣ ಅಂತಿದ್ದೆ."

ಲಾಯರಕ್ಕ ಪೆಚ್ಚಾದಳು. ಆದರೂ ಬಿಡುವ ಪೈಕಿಯೇ? ಹಿಂದೆ ಅವನನ್ನು ಮದುವೆಯಾಗಲು ಒಲ್ಲೆ ಎಂದಿದ್ದ ಹುಡುಗಿಯ ಬಾಗಿಲು ಬಡಿದಳು. ಪಾಪ, ಅವಳು ಕಂಕುಳಲ್ಲಿ ಮಗು ಎತ್ತಿಕೊಂಡು, "ಅಯ್ಯೋ, ಅವತ್ತು ಅಳ್ತಿದ್ದೋಳು ನಾನೇ ಅಕ್ಕಾ, ಅವರೇ ಸಮಾಧಾನ ಮಾಡಿ ಕಳಿಸಿದ್ರು" ಎಂದಳು. ಅಲ್ಲೂ ಜಗಳಕ್ಕೆ ಗಿರಾಕಿ ಇಲ್ಲ.

ಅಂಗಡಿಗೆ ಬಂದು ಕೂತವಳಿಗೆ ನಿಂತರೆ ನಿಲ್ಲಲಾಗದು, ಕೂತರೆ ಕೂರಲಾಗದು. ದಾರ ಹರಿಯಿತು, ಸೂಜಿ ಮುರಿಯಿತು. ನೋಡನೋಡುತ್ತಲೇ ಯಾರದೋ ಪ್ಯಾಂಟಿನ ಎರಡೂ ಕಾಲಿನ ತುದಿಗಳನ್ನು ಮುಚ್ಚಿ ಹೊಲಿದುಬಿಟ್ಟಳು.

"ಏನೇ ಇದು? ಗಿರಾಕಿಗೆ ಪಾದ ಇಲ್ವಾ?" ಎಂದು ನಾನು ರೇಗಿಸಿದೆ. ಅವಳು ನಗಲಿಲ್ಲ. ನನ್ನ ಕೈಹಿಡಿದು ಎಳೆದುಕೊಂಡು ಸೀದಾ ಮನೆಗೆ ನಡೆದಳು.

ಕೋಣೆಯಲ್ಲಿ ಕಿಟಕಿ ಮುಚ್ಚಿತ್ತು. ತಟ್ಟೆಯ ಊಟ ಹಾಗೇ ಒಣಗಿತ್ತು. "ಒಂದು ಹೆಸರು ಹೇಳೋ ಪುಟ್ಟಾ, ಒಂದೇ ಒಂದು. ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದು ಗೋಗರೆದಳು.

ಅವನು ಗೋಡೆಗೇ ಹೇಳಿದ. "ಯಾರೂ ಏನೂ ಮಾಡಿಲ್ಲ ಅಕ್ಕಾ. ಯಾರಾದ್ರೂ ಮಾಡಿದ್ರೆ ಚೆನ್ನಾಗಿರ್ತಿತ್ತು. ಮಲಗಿದೋನು ಬೆಳಿಗ್ಗೆ ಏಳದೇ ಇದ್ರೆ ನಿನಗೂ ಹಗುರ, ನನಗೂ ಹಗುರ ಅನ್ಸುತ್ತೆ."

"ಹಾಗನ್ಬೇಡ್ವೋ! ಯಾರು ಅಂತ ಹೇಳು ಸಾಕು" ಎಂದಳು ಅವಳು. ಅಲ್ಲಿ ಅವನು ಬದುಕುತ್ತಾನೋ ಇಲ್ಲವೋ ಎಂಬ ಮಾತು ಬಂದಿದೆ, ಇವಳು ಇನ್ನೂ ಹೆಸರು ಹುಡುಕುತ್ತಿದ್ದಾಳೆ! ನನಗೆ ಸಿಟ್ಟು ನೆತ್ತಿಗೇರಿತು.

"ಇಬ್ಬರೂ ಚಪ್ಪಲಿ ಹಾಕ್ಕೊಳ್ಳಿ. ಈಗ್ಲೇ ಆಸ್ಪತ್ರೆಗೆ, ಮನಸ್ಸಿನ ಡಾಕ್ಟರ ಹತ್ರ ಹೋಗೋಣ."

"ಅವನಿಗೇನು ತಲೆ ಕೆಟ್ಟಿದೆಯೇನೇ?"

"ಕಾಲು ಮುರ್ಕೊಂಡು ಬಿದ್ದಿದ್ರೆ ಯಾರು ಮುರಿದ್ರು ಅಂತ ವಿಚಾರಣೆ ಮಾಡ್ತಾ ಕೂರ್ತಿದ್ಯಾ? ನಡಿ!"

ಮನಸ್ಸಿನ ಡಾಕ್ಟರು ಸಣ್ಣ ದನಿಯ ಹೆಂಗಸು. ನಿದ್ದೆ ಬರುತ್ತಾ ಎಂದು ಅವನನ್ನು ಕೇಳಿದರೆ, "ಎಲ್ಲಿ ಬರುತ್ತೆ ಡಾಕ್ಟ್ರೇ" ಎಂದು ಇವಳು. ಊಟ ಸೇರುತ್ತಾ ಎಂದರೆ, "ಹಕ್ಕಿ ತಿಂದ ಹಾಗೆ" ಎಂದು ಇವಳು. ಡಾಕ್ಟರು ನಕ್ಕು, "ಅಮ್ಮಾ, ಪೇಷಂಟ್ ಯಾರು?" ಎಂದವರೇ ನಮ್ಮಿಬ್ಬರನ್ನೂ ಹೊರಗೆ ಕಳಿಸಿದರು. ಮುಚ್ಚಿದ ಬಾಗಿಲ ಮುಂದೆ ಲಾಯರಕ್ಕ ಕಾಲು ಸುಟ್ಟ ಬೆಕ್ಕಿನಂತೆ ಓಡಾಡಿದಳು. ಒಳಗಿನಿಂದ ಅವನ ಅಳು ಕೇಳಿದಾಗ ಬಾಗಿಲಿಗೆ ಕೈಯಿಟ್ಟಳು. ನಾನು ಅವಳ ರಟ್ಟೆ ಹಿಡಿದು ನಿಲ್ಲಿಸಿದೆ.

ಮತ್ತೆ ಒಳಗೆ ಕರೆದಾಗ ಇವಳದ್ದು ಅದೇ ಪ್ರಶ್ನೆ, "ಯಾತಕ್ಕೆ ಹೀಗಾಯ್ತು? ಯಾರಿಂದ?"

"ಇದನ್ನ ಒಬ್ಬರ ತಲೆಗೆ ಕಟ್ಟೋಕಾಗಲ್ಲಮ್ಮಾ" ಎಂದರು ಡಾಕ್ಟರು. "ವರ್ಷಗಟ್ಟಲೆ ರಾತ್ರಿ ಪಾಳಿ, ನಿದ್ದೆ ಕೆಟ್ಟಿದೆ. ಎಲ್ಲಾನೂ ಒಳಗೇ ಇಟ್ಕೊಳ್ಳೋ ಸ್ವಭಾವ. ಥೈರಾಯ್ಡ್ ಇದೆಯಾ ಅಂತ ರಕ್ತಾನೂ ನೋಡೋಣ. ಎಷ್ಟೋ ಸಲ ಕಾರಣ ಪೂರ್ತಿ ಸಿಗೋದೇ ಇಲ್ಲ, ಆದ್ರೆ ಚಿಕಿತ್ಸೆ ಇದೆ. ಮನೇಲಿ ಬೇರೆ ಯಾರಿಗಾದ್ರೂ ಹೀಗಾಗಿತ್ತಾ?"

"ನಮ್ಮನೇಲಾ? ಛೇ, ಛೇ!" ಎಂದವಳಿಗೆ ಇದ್ದಕ್ಕಿದ್ದಂತೆ ಏನೋ ನೆನಪಾಯಿತು. "ಅಪ್ಪ... ಅಮ್ಮ ಹೋಗೋಕೆ ಮೊದಲೇ, ಒಂದು ವರ್ಷ ಹೀಗೇ ಮಲಗಿದ್ರು. ನೆಂಟರೆಲ್ಲ ಸೋಮಾರಿ ಅಂತಿದ್ರು."

"ಅಪ್ಪನ್ನ ಯಾರೂ ಇಲ್ಲಿಗೆ ಕರ್ಕೊಂಡ್ಬರ್ಲಿಲ್ಲ" ಎಂದ ತಮ್ಮ ಮೆಲ್ಲಗೆ.

ಮಾತ್ರೆ ಕೊಟ್ಟರು, ವಾರಕ್ಕೊಮ್ಮೆ ಬಂದು ಮಾತಾಡಬೇಕೆಂದರು. ಕೆಲಸ ಮಾಡಲು ಮಾತ್ರೆಗೆ ಕೆಲವು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ಒಂಟಿಯಾಗಿ ಬಿಡಬೇಡಿ, ಅಂಥ ಯೋಚನೆ ಮತ್ತೆ ಬಂದರೆ ತಡಮಾಡದೆ ಕರೆದುಕೊಂಡು ಬನ್ನಿ ಎಂದರು. ಕೆಲವು ವಾರ! ಲಾಯರಕ್ಕನಿಗೆ ಅರ್ಧ ದಿನವೂ ತಡೆಯದು. ಅನ್ನ ಬೆಂದಿದೆಯಾ ಎಂದು ನೋಡುವವಳ ಹಾಗೆ ಘಳಿಗೆಗೊಮ್ಮೆ ಅವನ ಕೋಣೆಗೆ ಇಣುಕಿ, "ಈಗ ಹೇಗಿದೆ?" ಎನ್ನುವಳು. ಅವನು "ಹಾಗೇ ಇದೆ" ಎನ್ನುವನು, ಇಲ್ಲವೇ ಅದನ್ನೂ ಅನ್ನನು. ನಾವು ಸರದಿಯಲ್ಲಿ ಜೊತೆ ಕೂತೆವು. ನನಗೂ ಭಯವಿತ್ತು, ಸುಳ್ಳೇಕೆ ಹೇಳಲಿ.

ಹಾಗೆ ಎಷ್ಟೋ ಸಲ ಹೋಗಿಬಂದ ಮೇಲೆ ಒಂದು ದಿನ ಡಾಕ್ಟರು ಬಾಗಿಲಿಗೇ ಬಂದು, "ಹೇಗಿದೀರಿ?" ಎಂದು ಅವನನ್ನು ಕೇಳಿದರು. ಎಂದಿನಂತೆ ಇವಳು ಶುರು ಹಚ್ಚಿದಳು. "ನಿನ್ನೆ ಸ್ವಲ್ಪ ಊಟ ಮಾಡಿದಾನೆ ಡಾಕ್ಟ್ರೇ, ಆದ್ರೆ ನಿದ್ದೆ—"

"ಅಕ್ಕಾ! ಸ್ವಲ್ಪ ಸುಮ್ನಿರ್ತೀಯಾ? ನನಗೂ ಬಾಯಿದೆ. ನಂದು ನಾನು ಹೇಳ್ಕೋತೀನಿ!"

ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಇನ್ನು ಇವಳು ಆಸ್ಪತ್ರೆಯನ್ನೇ ತಲೆಯ ಮೇಲೆ ಹೊರುತ್ತಾಳೆಂದು ನಾನು ಹೆದರಿದೆ. ಅವಳು ದೊಪ್ಪನೆ ಬೆಂಚಿನ ಮೇಲೆ ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ನೀರಿಳಿಯುತ್ತಿತ್ತು.

ಕೈ ತೆಗೆದರೆ ಮುಖದ ತುಂಬ ನಗು. "ಬೈದ ಕಣೇ" ಎಂದಳು. "ನನಗೇ ಬೈದ!"