ಮಾವನ ಮಗ ಬಾಬು

ಆಗಿನ ಕಾಲದಲ್ಲಿ ನಾವೆಲ್ಲ ಒಂದೇ ಮನೆಯ ಮಕ್ಕಳ ಹಾಗೆ ಇದ್ದೆವು ಎಂದು ನನ್ನ ವಾರಿಗೆಯವರು ಹೇಳುವಾಗ ನನಗೆ ಮೈಯೆಲ್ಲ ಉರಿಯುತ್ತದೆ. ಎಂತ ಒಂದೇ ಮನೆ! ನನಗೆ ಹದಿಮೂರಾಗಿದ್ದಾಗಿನ ಒಂದು ಬೇಸಿಗೆ ರಜೆಯ ಕಥೆ ಹೇಳುತ್ತೇನೆ, ಆಮೇಲೆ ನೀವೇ ಹೇಳಿ.

ಯುದ್ಧದ ವರ್ಷಗಳು. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಕೆಮ್ಮುತ್ತ ಓಡುತ್ತಿದ್ದವು. ನಮ್ಮೂರು ಕೊಟ್ಟಾರದ ಗದ್ದೆಯಲ್ಲಿ ಲಗೋರಿ ಆಡಿ ಬೇಸತ್ತು ಕೂತಿದ್ದಾಗ ಗೆಳೆಯ ಬಾಬು, "ಘಟ್ಟದ ಮೇಲೆ ದೊರೆಗಳ ಬಂಗಲೆ ಉಂಟಂತೆ. ಅಲ್ಲಿ ಈ ಸೆಕೆಯಲ್ಲೂ ಚಳಿಯಂತೆ. ಹೋಗುವನಾ?" ಎಂದ. ಮನೆಯಲ್ಲಿ ವಿಠಲನ ಅಜ್ಜಿಮನೆಗೆಂದು ಸುಳ್ಳು ಹೇಳಿ, ಮರುದಿನ ಬೆಳಿಗ್ಗೆಯೇ ನಾನು, ಬಾಬು, ವಿಠಲ ಮೂವರೂ ಬಸ್ಸು ಹತ್ತಿದೆವು. ನಾನೂ ವಿಠಲನೂ ಗುತ್ತಿನ ಮನೆಯವರು, ಅಂದರೆ ಜಮೀನ್ದಾರರ ಮಕ್ಕಳು. ಬಾಬುವಿನ ಅಪ್ಪ ತಾಳೆಮರದಿಂದ ಕಳ್ಳು ಇಳಿಸುವವರು. ನಮ್ಮೊಳಗೆ ಅದು ಲೆಕ್ಕಕ್ಕೇ ಇಲ್ಲ ಎಂದು ನಾನು ನಂಬಿದ್ದೆ.

ಗುಡ್ಡದ ಬುಡ ಮುಟ್ಟುವಾಗ ಮಧ್ಯಾಹ್ನ. ಹೊಟ್ಟೆ ತಾಳ ಹಾಕುತ್ತಿತ್ತು. ಅಲ್ಲಿದ್ದ ಒಂದೇ ದೊಡ್ಡ ಮನೆ ಪಟೇಲರದು. ಅಂಗಳದಲ್ಲೇ ಬಾಬು ನಿಂತ.

"ನಾನು ಹೊರಗೆ ಕೂರ್ತೇನೆ ಮಾರಾಯ. ನನಗೆಂತ ಹೊಸತಾ?"

"ಸುಮ್ಮನಿರು. ನೀನು ನನ್ನ ಮಾವನ ಮಗ ಅಂತ ಹೇಳ್ತೇನೆ," ಎಂದೆ. ದೊಡ್ಡ ಶೂರ ನಾನು!

ಪಟೇಲರು ಬಹಳ ಪ್ರೀತಿಯಿಂದ ಮಾತಾಡಿಸಿದರು. ಬೆಲ್ಲ, ನೀರು ಕೊಟ್ಟು ಚಾವಡಿಯಲ್ಲಿ ಮೂರು ಎಲೆ ಹಾಕಿಸಿದರು. ಕುಚ್ಚಲಕ್ಕಿ ಅನ್ನದ ಹಬೆ, ಹುರುಳಿ ಸಾರು, ಕೆಂಡದಲ್ಲಿ ಸುಟ್ಟ ಒಣಮೀನಿನ ಪರಿಮಳ. ಮೊದಲ ತುತ್ತು ಬಾಯಿಗೆ ಹೋಗಿತ್ತಷ್ಟೆ.

"ನಿಮ್ಮ ಬರಿ ಯಾವುದು ಮಕ್ಕಳೇ?"

ಬರಿ ಅಂದರೆ ಗೋತ್ರದ ಹಾಗೆ, ನಮ್ಮಲ್ಲಿ ಅದು ತಾಯಿಯಿಂದ ಬರುತ್ತದೆ. ಒಂದೇ ಬರಿಯವರು ಅಣ್ಣ ತಂಗಿಯರಿದ್ದ ಹಾಗೆ, ಅವರೊಳಗೆ ಮದುವೆ ಇಲ್ಲ. ನಾನು ನಮ್ಮ ಬರಿ ಹೇಳಿದೆ. ಅವರು ಬಾಬುವಿನ ಕಡೆ ನೋಡಿದರು. "ಇವನದೂ ಅದೇ. ನನ್ನ ಮಾವನ ಮಗ," ಎಂದೆ, ಅವನು ಬಾಯಿ ತೆರೆಯುವ ಮೊದಲೇ.

ಮೀಸೆ ತಿರುವುತ್ತಿದ್ದ ಪಟೇಲರ ಕೈ ನಿಂತಿತು. "ನಿನ್ನ ಮಾವ ನಿನ್ನ ತಾಯಿಯ ಬರಿಯವನು. ಅವನ ಮಗನಿಗೂ ಅದೇ ಬರಿ ಅಂತಾದರೆ, ನಿನ್ನ ಮಾವ ತಂಗಿಯನ್ನೇ ಮದುವೆಯಾದದ್ದಾ?"

ನಮ್ಮಲ್ಲಿ ತೊಟ್ಟಿಲ ಮಗುವಿಗೂ ಗೊತ್ತಿರುವ ವಿಷಯ! ನನ್ನ ನಾಲಿಗೆಗೆ ಬೆಂಕಿ ಬೀಳಲಿ ಅನಿಸಿತು. ವಿಠಲ ಎಲೆಯಿಂದ ತಲೆ ಎತ್ತಲಿಲ್ಲ. ಪಟೇಲರು ಬಾಬುವನ್ನೇ ಕೇಳಿದರು: "ನಿನ್ನ ಅಪ್ಪನಿಗೆ ಎಂತ ಕೆಲಸ?"

"ಕಳ್ಳು ತೆಗೆಯುವುದು," ಎಂದ ಬಾಬು. ಸ್ವರ ಸಣ್ಣದಾಗಲಿಲ್ಲ.

"ಏಳು. ಎಲೆ ತೆಗೊಂಡು ಅಂಗಳಕ್ಕೆ ಹೋಗು. ಅನ್ನ ಇಲ್ಲ ಅಂತ ಯಾರೂ ಹೇಳುದಿಲ್ಲ." ಮತ್ತೆ ನನ್ನ ಕಡೆ ತಿರುಗಿ, "ನೀನು ಕೂತ್ಕೋ ಮಗಾ, ಊಟ ಬಿಟ್ಟು ಏಳಬಾರದು."

ಬಾಬು ಎದ್ದ. ತನ್ನ ಎಲೆಯನ್ನು ತಾನೇ ಎತ್ತಿ ಹಟ್ಟಿಯ ದನದ ಮುಂದೆ ಹಾಕಿ ಗುಡ್ಡದ ದಾರಿ ಹಿಡಿದ. ನಾನು? ನಾನು ಉಂಡೆ. ಎರಡನೇ ಸಲ ಸಾರನ್ನೂ ಹಾಕಿಸಿಕೊಂಡೆ. ಥೂ! ಪಟೇಲರ ಮೇಲಿನ ಸಿಟ್ಟು ಎಂದೋ ತಣಿದಿದೆ. ಆ ಎರಡನೇ ಸಲದ ಸಾರಿನ ಸಿಟ್ಟು ಇನ್ನೂ ಆರಿಲ್ಲ.

ಮೇಲೆ ಬಂಗಲೆಗೆ ಬೀಗ. ತಣ್ಣನೆ ಗಾಳಿ, ಒಂದು ನರಪಿಳ್ಳೆ ಇಲ್ಲ. ಬಾಬು ಜಗುಲಿಯಲ್ಲಿ ಕೂತು ಕಾಡಿನ ಹಣ್ಣು ತಿನ್ನುತ್ತಿದ್ದ.

"ಸಿಟ್ಟು ಬಂತಾ?" ಎಂದು ಕೇಳಿದೆ.

"ಅವರು ಏಳು ಅಂದದ್ದು ನನಗೆ ಹೊಸತಲ್ಲ. ನೀನು ಯಾಕೆ ನನಗೆ ಬೇರೆ ಅಪ್ಪನನ್ನು ಮಾಡಿದ್ದು? ನನಗೆ ಅಪ್ಪ ಇಲ್ವಾ?"



ಈಗ ಆ ಗುಡ್ಡದ ತುದಿಗೆ ಕಾರು ಹೋಗುತ್ತದೆ. ನನ್ನ ಮೊಮ್ಮಕ್ಕಳು ಯಾರ್ಯಾರ ಜೊತೆಗೋ ಹೋಗಿ ಒಂದೇ ತಟ್ಟೆಯಲ್ಲಿ ತಿಂದು ಬರುತ್ತಾರೆ, ಬರಿ ಯಾವುದೆಂದು ಯಾರೂ ಕೇಳುವುದಿಲ್ಲ. ಒಳ್ಳೆಯದೇ ಆಯಿತು. ಆ ಕಾಲ ಹೋಯಿತೆಂದು ನಾನು ಒಂದು ಹನಿ ಕಣ್ಣೀರೂ ಹಾಕುವವನಲ್ಲ. ನಾನು ಕಳೆದುಕೊಂಡದ್ದು ಬೇರೆ.

ಆಮೇಲೆ ಬಾಬು ಗದ್ದೆಗೆ ಆಟಕ್ಕೆ ಬರಲಿಲ್ಲ. ಎಷ್ಟೋ ವರ್ಷದ ಮೇಲೆ ಫಳ್ನೀರಿನ ರಸ್ತೆಯಲ್ಲಿ ಎದುರಾದ. ಓಡಿಹೋಗಿ ಕೈ ಹಿಡಿದೆ. ಒಂದು ಕಾಲದಲ್ಲಿ ನನ್ನನ್ನು ಏಕವಚನದಲ್ಲೇ ಕರೆದು, ಸಿಟ್ಟು ಬಂದರೆ ಹಂದಿ ಎಂದೂ ಬೈಯುತ್ತಿದ್ದವನು ಮೆಲ್ಲನೆ ಕೈ ಬಿಡಿಸಿಕೊಂಡ. ನಗುತ್ತಲೇ ಕೇಳಿದ:

"ನೀವು ಹೇಗಿದ್ದೀರಿ?"