ಕ್ಯಾಪ್ಟನ್ ಲುಪ್ಷಾ ಮತ್ತು ಚಪ್ಪಾಳೆ

ವಿಮಾನ ನೆಲ ಮುಟ್ಟಿದೊಡನೆ ಚಪ್ಪಾಳೆ ತಟ್ಟುವುದು ರೊಮೇನಿಯಾದವರಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಕ್ಯಾಪ್ಟನ್ ಒಕ್ತಾವಿಯನ್ ಲುಪ್ಷಾನಿಗೆ ಅದು ಮೂವತ್ತೊಂದು ವರ್ಷಗಳ ತಲೆನೋವು. ಹರೆಯದಲ್ಲಿ ಸೂರ್ಯಕಾಂತಿ ಹೊಲಗಳಿಗೆ ಔಷಧಿ ಹೊಡೆಯುವ ಪುಟ್ಟ ವಿಮಾನ ಹಾರಿಸುತ್ತಿದ್ದಾಗ ಯಾವ ರೈತನೂ ಚಪ್ಪಾಳೆ ತಟ್ಟಿರಲಿಲ್ಲ. “ನಾನೇನು ನಾಟಕದವನೇನ್ರೀ? ಬಸ್ಸು ನಿಂತಾಗ ತಟ್ತಾರಾ?” ಎಂದು ಸಿಡುಕುತ್ತಿದ್ದ.

ಈಗ ನೋಡಿ, ಆ ಚಪ್ಪಾಳೆಯೂ ಅವನದಲ್ಲ. ಮೂರು ತಿಂಗಳಿಂದ ಯಾಶ್ ಊರಿಗೆ ಬರುವ ವಿಮಾನವನ್ನು ಯಂತ್ರವೇ ಇಳಿಸುತ್ತಿತ್ತು. ಲುಪ್ಷಾ ಕೈಕಟ್ಟಿ ಕೂರಬೇಕು. ಪ್ರತಿಸಲವೂ ಬೆಣ್ಣೆಯಂಥ ಇಳಿತ, ಭರ್ಜರಿ ಚಪ್ಪಾಳೆ. ಇವತ್ತು ಕೊನೆಯ ಪರೀಕ್ಷೆ. ಪ್ರಯಾಣಿಕರು ತಮಗೆ ಕೊಟ್ಟ ಅಭಿಪ್ರಾಯದ ಚೀಟಿಯಲ್ಲಿ ಯಂತ್ರವೇ ಸಾಕೆಂದು ಬರೆದರೆ ಬರುವ ವರ್ಷದಿಂದ ಚಾಲಕರೇ ಇಲ್ಲದ ವಿಮಾನ, ಲುಪ್ಷಾ ಮನೆಗೆ.

ಇಳಿಯುವ ಹೊತ್ತಿಗೆ ಸರಿಯಾಗಿ ಅಡ್ಡಗಾಳಿ ಎದ್ದಿತು. ಯಂತ್ರ ಎರಡು ಸಲ ಕಿರುಚಿ, ನನ್ನ ಕೈಲಾಗದು ಎಂದು ಎಲ್ಲವನ್ನೂ ಅವನ ತಲೆಗೆ ಕಟ್ಟಿತು.

“ಬಿಸಿಲಲ್ಲಿ ಮೆರೆಯೋಕೆ ಇದು, ಗಾಳಿ ಬಂದ್ರೆ ನಾನಾ?” ಬೈಯುತ್ತಲೇ ಲುಪ್ಷಾ ಹಿಡಿತ ತೆಗೆದುಕೊಂಡ. ಇಂಥ ಗಾಳಿಯಲ್ಲಿ ಮೆತ್ತಗೆ ಇಳಿಸಹೋದರೆ ವಿಮಾನ ರನ್‌ವೇ ಬಿಟ್ಟು ಜಾರುತ್ತದೆ; ಧಡ್ಡೆಂದು ಊರಲೇಬೇಕು. ಊರಿದ. ನಡುಗೆರೆಯಿಂದ ಒಂದಿಷ್ಟೂ ಆಚೀಚೆ ಆಗಲಿಲ್ಲ. ಒಂದೇ ಒಂದು ಚಪ್ಪಾಳೆಯೂ ಬೀಳಲಿಲ್ಲ.

ಸಹಚಾಲಕಿ ಸ್ಮರಾಂಡಾ ಪಿಸುಗುಟ್ಟಿದಳು: “ಸಾರ್, ಯಂತ್ರಾನೇ ಹಿಂಗೆ ಕುಕ್ಕಿದ್ದು ಅಂದ್ಕೊಂಡಿದಾರೆ ಎಲ್ರೂ. ದಮ್ಮಯ್ಯ, ಬಾಯಿ ಬಿಡ್ಬೇಡಿ. ನಮ್ಮಿಬ್ಬರ ಕೆಲಸಾನೂ ಉಳಿಯುತ್ತೆ.”

ಬಾಗಿಲಲ್ಲಿ ನಿಂತು, ಹಲ್ಲು ಕಚ್ಚಿಕೊಂಡು ಲುಪ್ಷಾ ಎಲ್ಲರನ್ನೂ ಬೀಳ್ಕೊಟ್ಟ. ಕೊನೆಗೆ ಬಂದವಳು ತಲೆಗೆ ವಸ್ತ್ರ ಕಟ್ಟಿದ್ದ ಒಬ್ಬ ಅಜ್ಜಿ, ಪರಸ್ಕಿವಾ. ಕೈಯಲ್ಲಿ ಚೀಟಿ, ಪೆನ್ನು.

“ಬೇಜಾರು ಮಾಡ್ಕೋಬೇಡ ಕಣಪ್ಪ,” ಎಂದಳು. “‘ಮನುಷ್ಯರೇ ಬೇಕು’ ಅಂತ ಬರ್ದಿದೀನಿ ನೋಡು. ಆ ಹಾಳು ಯಂತ್ರ ನನ್ನ ಸೊಂಟಾನೇ ಮುರೀತು! ಕುರುಡ ಇಳಿಸಿದ್ರೂ ಇಷ್ಟು ಕೆಟ್ಟದಾಗಿ ಇಳಿಸ್ತಿರ್ಲಿಲ್ಲ.”

ಸ್ಮರಾಂಡಾ ಹಿಂದಿನಿಂದ ಅವನ ತೋಳು ಚಿವುಟಿದಳು.

“ಕೆಟ್ಟದಾ?” ಲುಪ್ಷಾನ ಪಿತ್ತ ನೆತ್ತಿಗೇರಿತು. “ಅಜ್ಜೀ, ಇಳಿಸಿದ್ದು ನಾನು! ನಿಮ್ಮ ಯಂತ್ರ ಕೈಯೆತ್ತಿತ್ತು. ಈ ಗಾಳೀಲಿ ಹಿಂಗೇ ಇಳಿಸ್ಬೇಕು. ಬದುಕಿ ಬಂದಿದೀರಲ್ಲ, ಇನ್ನೇನು ಬೇಕು?”

ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಚೀಟಿಯನ್ನು ಗೋಡೆಗೆ ಒತ್ತಿ ಹಿಡಿದು, ಬರೆದಿದ್ದನ್ನು ಹೊಡೆದುಹಾಕಿ, ‘ಯಂತ್ರವೇ ಸಾಕು’ ಎಂದು ಬರೆದು ಅವನ ಕೈಗೇ ಕೊಟ್ಟಳು.